ಹೆವಿ ಮೆಟಲ್ ಅಂದ್ರೆ ಗದ್ದಲ ಅನ್ನೋರು ಒಂದ್ಸಲ ಕೈಯಲ್ಲಿ ಲೆಕ್ಕ ಹಾಕಿ ಕೇಳಿ

ಹತ್ತಿಗಿರಣಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತೀನಿ, ಪುರುಸೊತ್ತು ಮಾಡಿಕೊಂಡು ಓದಿ.

ಹೋದ ಭಾನುವಾರ ಮನೆಯಲ್ಲಿ ಐರನ್ ಮೇಡನ್ ತಂಡದ ಹಾಡು ಹಾಕಿಕೊಂಡು ಕೂತಿದ್ದೆ. ಪಕ್ಕದ ಮನೆ ಮೇಷ್ಟ್ರು, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ರಿಟೈರ್ ಆದವರು, ಪೇಪರ್ ಇಸ್ಕೊಂಡು ಹೋಗೋಕೆ ಬಂದರು. ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ಕೇಳಿ, "ಏನಪ್ಪಾ ಇದು, ಕುದುರೆ ಬಿಟ್ಟಂಗೈತಲ್ಲ" ಅಂದರು. ನನಗೆ ಮೈ ಜುಮ್ ಅಂತು. ಯಾಕಂದ್ರೆ ಗಿಟಾರ್ ನುಡಿಸುವವರು ಆ ನಡೆಗೆ ಇಟ್ಟ ಹೆಸರೇ ಗ್ಯಾಲಪ್, ಕುದುರೆಯ ನಾಗಾಲೋಟ. ಅವರಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಮೇಷ್ಟ್ರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ಮೇಜಿನ ಮೇಲೆ ಬೆರಳು ಬಡಿಯುತ್ತಾ ಬಾಯಲ್ಲಿ "ತಾನನ ತಾನನ ತಾನನ" ಅಂದುಕೊಂಡರು. ಆಮೇಲೆ ತಲೆ ಎತ್ತಿ, "ಯಮಾತಾರಾಜಭಾನಸಲಗಂ ನೆನಪೈತೇನೋ? ಇದು ಭಗಣ" ಅಂದರು.

ಮೂವತ್ತು ವರ್ಷದಿಂದ ಈ ಸಂಗೀತ ಕೇಳ್ತಿದೀನಿ, ನನಗೆ ಹೊಳೆದಿರಲಿಲ್ಲ. ಭಾ-ನ-ಸ. ಒಂದು ಗುರು, ಎರಡು ಲಘು, ಒಟ್ಟು ನಾಲ್ಕು ಮಾತ್ರೆ. ಐರನ್ ಮೇಡನ್ ತಂಡವನ್ನು 1975ರಲ್ಲಿ ಈಸ್ಟ್ ಲಂಡನ್ನಿನಲ್ಲಿ ಕಟ್ಟಿದ ಸ್ಟೀವ್ ಹ್ಯಾರಿಸ್ ಬೇಸ್ ಗಿಟಾರಿನಲ್ಲಿ ನುಡಿಸೋದು ಇದನ್ನೇ. ಅದೂ ತಂತಿ ಮೀಟುವ ಪಿಕ್ ಇಲ್ಲದೆ, ಬರೀ ಬೆರಳಲ್ಲಿ. ನೀವೇ ಮಾಡಿ ನೋಡಿ: ತೋರುಬೆರಳು, ನಡುಬೆರಳು ಎರಡನ್ನೇ ಮೇಜಿನ ಮೇಲೆ ಆಡಿಸುತ್ತಾ ಐದು ನಿಮಿಷ ತಾನನ ತಾನನ ಬಾರಿಸಿ. ಎರಡನೇ ನಿಮಿಷಕ್ಕೆ ಮುಂಗೈ ಕಲ್ಲಾಗುತ್ತೆ. ಹೊಸದಾಗಿ ಕಲಿತವರು ನುಡಿಸಿದರೆ ಆ ಎರಡು ಲಘುಗಳಲ್ಲಿ ಒಂದು ಮಸುಕಾಗಿ ಕುದುರೆ ಕುಂಟುತ್ತೆ. ಹ್ಯಾರಿಸ್ ನುಡಿಸಿದರೆ ಮೂರೂ ಪೆಟ್ಟು ಬೇರೆ ಬೇರೆಯಾಗಿ ಕಿವಿಗೆ ಬೀಳುತ್ತವೆ. ಗದ್ದಲದಲ್ಲಿ ಇಷ್ಟು ಸ್ಪಷ್ಟತೆ ಇರೋದಿಲ್ಲ.

ಮೇಷ್ಟ್ರು ಹೋದ ಮೇಲೆ ನಾನು ಹಳೆಯ ಹಾಡುಗಳನ್ನೆಲ್ಲ ಮತ್ತೆ ಹಾಕಿ ಕೈಯಲ್ಲಿ ಎಣಿಸುತ್ತಾ ಕೂತೆ. ಪಿಂಕ್ ಫ್ಲಾಯ್ಡ್ ತಂಡದ 'ಮನಿ' (1973) ಏಳರ ಎಣಿಕೆ. ಏಳು ಅಂದ್ರೆ ಕುಮಾರವ್ಯಾಸನ ಭಾಮಿನಿ ಷಟ್ಪದಿ, ಮೂರು ನಾಲ್ಕು, ಮೂರು ನಾಲ್ಕು. ಜೆಥ್ರೊ ಟಲ್ ತಂಡದ 1969ರ 'ಲಿವಿಂಗ್ ಇನ್ ದ ಪಾಸ್ಟ್' ಐದರ ಎಣಿಕೆ. ಐದು ಅಂದ್ರೆ ಲಕ್ಷ್ಮೀಶನ ವಾರ್ಧಕ. ಇನ್ನು ಲೆಡ್ ಜೆಪ್ಪೆಲಿನ್ ತಂಡದ 'ಕಾಶ್ಮೀರ್' ತಗೊಳ್ಳಿ, 1975ರದು. ಡ್ರಮ್ಸ್‌ನಲ್ಲಿ ಜಾನ್ ಬಾನಮ್ ನಾಲ್ಕರ ಎಣಿಕೆ ಬಿಡೋದೇ ಇಲ್ಲ. ಅದರ ಮೇಲೆ ಗಿಟಾರು ಮೂರು ಮೂರರಲ್ಲಿ ಮೆಟ್ಟಿಲು ಹತ್ತುತ್ತೆ. ಇಬ್ಬರೂ ಹನ್ನೆರಡಕ್ಕೊಮ್ಮೆ ಒಂದೇ ಜಾಗದಲ್ಲಿ ಕಾಲಿಡುತ್ತಾರೆ. ಏಳನೇ ಕ್ಲಾಸಿನ ಲ.ಸಾ.ಅ. ಲೆಕ್ಕ. ಆದರೆ ಆ ಹನ್ನೆರಡನೆಯದು ಬಂದು ಕೂಡಿದಾಗ ಎದೆಯಲ್ಲಿ ಏನೋ ಒಂದು ಸರಿಯಾಗಿ ಕೂತ ಹಾಗಾಗುತ್ತಲ್ಲ, ಅದಕ್ಕೆ ನಾನು ಈ ಸಂಗೀತ ಬಿಟ್ಟಿಲ್ಲ.

ನೀವು ಯಾವುದನ್ನು ಎಣಿಸಿ ಕೇಳಿದೀರಿ? ಬರೀರಿ.


ಏಳುಸುತ್ತು, ಚಿತ್ರದುರ್ಗ

ಅಣ್ಣ, ಭಗಣ ಓದಿ ಬೆಳಿಗ್ಗೆಯಿಂದ ಅದೇ ತಲೇಲಿ ಓಡ್ತೈತೆ. ನಾನು ಆರು ವರ್ಷದಿಂದ ಗಿಟಾರ್ ನುಡಿಸ್ತೀನಿ, ನನಗೂ ಇದನ್ನ ಯಾರೂ ಹಿಂಗೆ ಹೇಳಿರ್ಲಿಲ್ಲ.

ಆದ್ರೆ ನನ್ನ ಮಟ್ಟಿಗೆ ಕಸುಬು ಅಂದ್ರೆ ವೇಗ. ಮೆಟಾಲಿಕ ತಂಡದ ಜೇಮ್ಸ್ ಹೆಟ್‌ಫೀಲ್ಡ್ ನೋಡಿ. 'ಮಾಸ್ಟರ್ ಆಫ್ ಪಪೆಟ್ಸ್' (1986) ಹಾಡಿನ ಮುಖ್ಯ ರಿಫ್‌ನಲ್ಲಿ (ಮತ್ತೆ ಮತ್ತೆ ಬರೋ ಗಿಟಾರ್ ತುಣುಕು) ಪಿಕ್ ಕೆಳಗೇ ಬೀಳ್ತೈತೆ, ಮೇಲಕ್ಕೆ ಮೀಟೋದೇ ಇಲ್ಲ. ಮೇಲೆ ಕೆಳಗೆ ಮೀಟಿದ್ರೆ ಅರ್ಧ ಶ್ರಮ. ಕೆಳಗೆ ಮಾತ್ರ ಮೀಟಿದ್ರೆ ಪ್ರತಿ ಪೆಟ್ಟಿಗೂ ಒಂದೇ ತೂಕ ಬರ್ತೈತೆ. ನಾನು ಎಂಟು ತಿಂಗಳು ಸಾಧನೆ ಮಾಡಿ ಪೂರ್ತಿ ವೇಗದಲ್ಲಿ ಎರಡು ನಿಮಿಷ ತಲುಪಿದೀನಿ, ಆಮೇಲೆ ಮಣಿಕಟ್ಟು ಹಿಡ್ಕೊಳ್ತೈತೆ.

ಬ್ಲ್ಯಾಕ್ ಸಬ್ಬತ್ ತಂಡದ ಬಗ್ಗೆ ಎಲ್ಲಾರೂ ಹೊಗಳ್ತಾರೆ, ನನಗೆ ಅಲ್ಲಿ ಅಷ್ಟು ಕಷ್ಟ ಕಾಣ್ಸಲ್ಲ. ಮೊದಲನೇ ಆಲ್ಬಮ್ಮಿನ ಮೊದಲನೇ ರಿಫ್ ಮೂರೇ ಸ್ವರ. ನನ್ನ ತಮ್ಮ ಒಂದೇ ಮಧ್ಯಾಹ್ನದಲ್ಲಿ ಕಲಿತ. ಬೇಜಾರು ಮಾಡ್ಕೋಬೇಡಿ, ಅನಿಸಿದ್ದು ಹೇಳ್ದೆ.


ಭಾಮಿನಿ, ಚಿತ್ರದುರ್ಗ

ನಾನು ಮೆಟಲ್ ಕೇಳುವವಳಲ್ಲ. ಗಮಕ ಹಾಡುತ್ತೇನೆ, ಮಕ್ಕಳಿಗೆ ಹೇಳಿಕೊಡುತ್ತೇನೆ. ಮಗ ಈ ಚರ್ಚೆ ತೋರಿಸಿದ. ಭಾಮಿನಿ ಷಟ್ಪದಿಯ ಹೆಸರು ಕಂಡ ಮೇಲೆ ಸುಮ್ಮನಿರಲು ಆಗಲಿಲ್ಲ.

ಹತ್ತಿಗಿರಣಿಯವರೇ, ಏಳು ಎಂದಿರಿ, ಸರಿ. ಆದರೆ ಏಳರ ಒಳಗೆ ಎಲ್ಲಿ ಮುರಿಯುತ್ತದೆ ಎನ್ನುವುದೇ ಮುಖ್ಯ. ಭಾಮಿನಿಯಲ್ಲಿ ಅದು ಮೂರು, ನಾಲ್ಕು. ಶ್ರೀವ | ನಿತೆಯರ | ಸನೆವಿ | ಮಲರಾ. ಮೂರಕ್ಕೆ ಒಂದು ಸಣ್ಣ ತಡೆ, ಆಮೇಲೆ ನಾಲ್ಕು ಹರಿದು ಹೋಗುತ್ತದೆ. ಅದರಿಂದಲೇ ಆ ತೂಗಾಟ. ಇದೇ ಹದಿನಾಲ್ಕು ಮಾತ್ರೆಯನ್ನು ನಾಲ್ಕು, ಮೂರು ಎಂದು ಒಡೆದು ಹಾಡಿದರೆ ಕುಮಾರವ್ಯಾಸ ಕಾಣೆಯಾಗುತ್ತಾನೆ. ನೀವು ಹೇಳಿದ ಹಾಡನ್ನು ಮಗ ಹಾಕಿದ, ನಾಲ್ಕು ಸಲ ಕೇಳಿದೆ. ಏಳು ಇರುವುದು ನಿಜ. ಭಾಮಿನಿಯ ತೂಗಾಟ ನನಗೆ ಅಲ್ಲಿ ಸಿಗಲಿಲ್ಲ, ಅದರ ನಡಿಗೆಯೇ ಬೇರೆ. ಲೆಕ್ಕ ಒಂದಾದರೂ ಮುರಿತ ಒಂದಲ್ಲ. ಇದನ್ನು ತಪ್ಪು ಹುಡುಕಲು ಬರೆಯುತ್ತಿಲ್ಲ. ಎಣಿಸಿ ಕೇಳಿ ಎಂದವರು ನೀವೇ, ನಾನು ಎಣಿಸಿದೆ.

ಬೇಸ್ ಗಿಟಾರು ನುಡಿಸಿದವರ ಕೈ ಬಹಳ ಶುದ್ಧವಾಗಿದೆ.


ಹತ್ತಿಗಿರಣಿ, ದಾವಣಗೆರೆ

ಭಾಮಿನಿ ಮೇಡಂ, ನಾಲ್ಕು ಸಲ ಕೇಳಿದೆ ಅಂತ ಬರೆದಿದೀರಲ್ಲ, ನನಗೆ ಅದೇ ದೊಡ್ಡದು. ನೀವು ಹೇಳಿದ್ದು ಸರಿ. ಏಳು ಸಿಕ್ಕ ಖುಷಿಯಲ್ಲಿ ನಾನು ಮುರಿತ ನೋಡಲಿಲ್ಲ.

ಏಳುಸುತ್ತು, ನಿನಗೆ ಉತ್ತರ ಬರೆಯೋಕೆ ಮೊದಲು ನನ್ನ ಅಪ್ಪನ ವಿಷಯ ಹೇಳಬೇಕು.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲದಲ್ಲಿ ಅಪ್ಪ ಇಲ್ಲಿನ ಒಂದು ಹತ್ತಿ ಮಿಲ್ಲಿನಲ್ಲಿದ್ದರು. ಮಂಗಳವಾರ ಮಂಗಳವಾರ ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದರು. ಒಂದು ರಾತ್ರಿ ಪಾಳಿಯಲ್ಲಿ ಕಾರ್ಡಿಂಗ್ ಮಷೀನಿಗೆ ಬಲಗೈ ತೋರುಬೆರಳಿನ ತುದಿ ಹೋಯಿತು. ಮಿಲ್ಲಿನವರು ಕೊಟ್ಟ ದುಡ್ಡು ಆಸ್ಪತ್ರೆಗೇ ಸಾಲಲಿಲ್ಲ. ಎರಡು ವರ್ಷ ಅಪ್ಪ ಪೆಟ್ಟಿಗೆ ಮುಟ್ಟಲಿಲ್ಲ. ಅದರ ಮೇಲೆ ಅಮ್ಮ ಅಕ್ಕಿ ಡಬ್ಬಿ ಇಡುತ್ತಿದ್ದಳು. ಆಮೇಲೆ ಒಂದು ದಿನ ಡಬ್ಬಿ ಕೆಳಗಿಳಿಸಿ, ನಡುಬೆರಳು ಉಂಗುರದ ಬೆರಳಿನಲ್ಲಿ ಸರಳೆ ವರಸೆಯಿಂದ ಶುರು ಮಾಡಿದರು.

ನನಗೆ ಈ ಸಂಗೀತ ಸಿಕ್ಕಿದ್ದು ತೊಂಬತ್ತರ ದಶಕದಲ್ಲಿ. ಇಲ್ಲಿನ ಎಂಜಿನಿಯರಿಂಗ್ ಹಾಸ್ಟೆಲುಗಳಲ್ಲಿ ಹೊರರಾಜ್ಯದ ಹುಡುಗರು ಇರುತ್ತಿದ್ದರು, ರಜೆ ಮುಗಿಸಿ ಬರುವಾಗ ಕ್ಯಾಸೆಟ್ ತರುತ್ತಿದ್ದರು. ತೊಂಬತ್ತು ನಿಮಿಷದ ಖಾಲಿ ಕ್ಯಾಸೆಟ್ ಕೊಟ್ಟರೆ ತುಂಬಿಸಿ ಕೊಡುತ್ತಿದ್ದರು. ಯೆಸ್ ತಂಡದ 'ಕ್ಲೋಸ್ ಟು ದ ಎಡ್ಜ್' (1972) ಹದಿನೆಂಟು ನಿಮಿಷ ದಾಟುತ್ತೆ, ಎಲ್.ಪಿ. ರೆಕಾರ್ಡಿನ ಒಂದು ಬದಿ ಪೂರ್ತಿ ಅದೊಂದೇ ಹಾಡು. ನನ್ನ ಕ್ಯಾಸೆಟ್ಟಿನಲ್ಲಿ ಹದಿನಾರನೇ ನಿಮಿಷಕ್ಕೆ ಟೇಪ್ ಮುಗಿದು ಟಕ್ ಅಂತ ನಿಲ್ಲುತ್ತಿತ್ತು. ಅದರ ಕೊನೆ ಕೇಳಿದ್ದು ಎಂಟು ವರ್ಷ ಕಳೆದ ಮೇಲೆ. ಆ ಟಕ್ ಇವತ್ತಿಗೂ ನನಗೆ ಹಾಡಿನ ಭಾಗವೇ.

ಬ್ಲ್ಯಾಕ್ ಸಬ್ಬತ್‌ನ ಗಿಟಾರಿಸ್ಟ್ ಟೋನಿ ಅಯೋಮಿ ಕಥೆ ಹೇಳಿದ್ದು ಆ ಹಾಸ್ಟೆಲಿನ ಹುಡುಗನೇ. ಬರ್ಮಿಂಗ್‌ಹ್ಯಾಮಿನ ಹುಡುಗ, ಹದಿನೇಳು ವರ್ಷ, ತಗಡಿನ ಕಾರ್ಖಾನೆಯಲ್ಲಿ ಕೆಲಸ. ಕೆಲಸ ಬಿಟ್ಟು ಸಂಗೀತಕ್ಕೆ ಹೋಗಬೇಕು, ಅದೇ ಕೊನೆಯ ದಿನ. ಆವತ್ತು ಮಷೀನು ಬಲಗೈಯ ನಡುಬೆರಳು, ಉಂಗುರದ ಬೆರಳುಗಳ ತುದಿ ಕತ್ತರಿಸಿತು. ಆತ ಎಡಚ. ಅಂದ್ರೆ ಗಿಟಾರಿನ ತಂತಿ ಒತ್ತಿ ಸ್ವರ ಹಿಡಿಯುವ ಕೈಯೇ ಅದು. ಕಾರ್ಖಾನೆಯ ಮೇಲ್ವಿಚಾರಕ ಮನೆಗೆ ಬಂದು ಜ್ಯಾಂಗೊ ರೈನ್‌ಹಾರ್ಟ್ ರೆಕಾರ್ಡ್ ಕೇಳಿಸಿದ. ರೈನ್‌ಹಾರ್ಟ್ ಬೆಂಕಿ ಅನಾಹುತದಲ್ಲಿ ಎಡಗೈ ಸುಟ್ಟುಕೊಂಡು, ಎರಡೇ ಬೆರಳಲ್ಲಿ ಜಾಜ್ ಗಿಟಾರ್ ನುಡಿಸಿದವನು. ಅಯೋಮಿ ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ, ಉಂಡೆ ಮಾಡಿ, ತೂತು ಕೊರೆದು, ಬೆರಳಿಗೆ ಟೋಪಿ ಮಾಡಿಕೊಂಡ. ಜಾರಬಾರದು ಅಂತ ಮೇಲೆ ಹಳೆಯ ಜಾಕೆಟ್ಟಿನ ಚರ್ಮ ಅಂಟಿಸಿದ.

ಇದನ್ನು ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ಅಪ್ಪ ತುತ್ತು ಕೈಯಲ್ಲೇ ಹಿಡಿದು ಒಂದು ಮಾತು ಕೇಳಿದರು: "ಟೋಪಿ ಹಾಕ್ಕೊಂಡ್ರೆ ತಂತಿ ಮುಟ್ಟಿದ್ದು ಗೊತ್ತಾಗುತ್ತೇನೋ?"

ಗೊತ್ತಾಗಲ್ಲ. ಅಲ್ಲೇ ಇರೋದು ಎಲ್ಲಾ. ಬೆರಳಿಗೆ ಸ್ಪರ್ಶ ಇಲ್ಲ, ಎಷ್ಟು ಒತ್ತಬೇಕು ಅಂತ ಕಿವಿಯೇ ಹೇಳಬೇಕು. ದಪ್ಪ ತಂತಿ ಎಳೆದರೆ ನೋವು, ಅದಕ್ಕೆ ಬ್ಯಾಂಜೋದ ತೆಳ್ಳನೆ ತಂತಿ ಹಾಕಿ ನೋಡಿದ. 1971ರ ಮೂರನೇ ಆಲ್ಬಮ್ಮಿನ ಹೊತ್ತಿಗೆ ಶ್ರುತಿಯನ್ನೇ ಮೂರು ಸ್ವರಸ್ಥಾನ ಇಳಿಸಿದ. ತಂತಿ ಸಡಿಲವಾಯಿತು, ಬೆರಳಿಗೆ ಹಗುರಾಯಿತು, ದನಿ ಮಾತ್ರ ಭಾರವಾಗಿ ನೆಲಕ್ಕಿಳಿಯಿತು. ಇವತ್ತು ಜಗತ್ತಿನ ಮೂಲೆ ಮೂಲೆಯಲ್ಲಿ ಮೆಟಲ್ ತಂಡಗಳು ಶ್ರುತಿ ಇಳಿಸಿ ನುಡಿಸ್ತವಲ್ಲ, ಅದರ ಬೇರು ಆ ಕೈಯಲ್ಲಿದೆ.

ಇನ್ನು ನಿನ್ನ ತಮ್ಮ ಕಲಿತ ಮೂರು ಸ್ವರ. ಕೆಳಗಿನ ಷಡ್ಜ, ಮೇಲಿನ ಷಡ್ಜ, ಆಮೇಲೆ ಪ್ರತಿಮಧ್ಯಮ. ಸ್ವರ ಹಾಕೋದು ಸುಲಭ ತಮ್ಮಾ. ನಡುವಿನ ಖಾಲಿ ಜಾಗ ಹಿಡಿಯೋದು ಕಷ್ಟ. ಅಷ್ಟು ನಿಧಾನದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗೋಕೆ ಆತುರ ಪಡದೆ ಕಾಯಬೇಕು, ನಾಲ್ಕೂ ಜನ ಒಟ್ಟಿಗೆ ಕಾಯಬೇಕು. ವೇಗದಲ್ಲಿ ಸಣ್ಣ ತಪ್ಪು ಮುಚ್ಚಿಹೋಗುತ್ತೆ. ನಿಧಾನದಲ್ಲಿ ಮುಚ್ಚೋಕೆ ಏನೂ ಇರಲ್ಲ. ಆ ಮೊದಲನೇ ಆಲ್ಬಮ್ ಬಹುಪಾಲು ಒಂದೇ ದಿನದಲ್ಲಿ ರೆಕಾರ್ಡ್ ಆಯಿತು, 1970ರ ಫೆಬ್ರವರಿ 13ಕ್ಕೆ ಹೊರಬಂತು. ತಮ್ಮನಿಗೆ ಒಮ್ಮೆ ಲಯ ಎಣಿಸುವ ಮೆಟ್ರೊನೋಮ್ ಹಾಕಿ, ಆಲ್ಬಮ್ಮಿನ ವೇಗಕ್ಕೆ ಇಳಿಸಿ ನುಡಿಸೋಕೆ ಹೇಳು.


ಏಳುಸುತ್ತು, ಚಿತ್ರದುರ್ಗ

ಅಣ್ಣ, ತಮ್ಮನ್ನ ಬಿಡಿ, ನಾನೇ ನುಡಿಸ್ದೆ. ಪ್ರತಿ ಸಲ ಮೂರನೇ ಸ್ವರಕ್ಕೆ ಮೊದಲೇ ಹೋಗಿ ಬೀಳ್ತಿದ್ದೆ. ಇಪ್ಪತ್ತು ಸಲ ಆದ್ಮೇಲೆ ಎರಡು ಸಲ ಸರಿ ಬಂತು.

ನನ್ನ ಮಾತು ವಾಪಸ್ ತಗೋತೀನಿ. ಹೆಟ್‌ಫೀಲ್ಡ್ ಮೇಲಿನ ಪ್ರೀತಿ ಮಾತ್ರ ಹಂಗೇ ಇರ್ತೈತೆ.


ಭಾಮಿನಿ, ಚಿತ್ರದುರ್ಗ

ಷಡ್ಜದಿಂದ ನೇರವಾಗಿ ಪ್ರತಿಮಧ್ಯಮವೇ? ಮಗ ಹೇಳಿದ, ಅಲ್ಲಿ ಅದನ್ನು ಹಿಂದೆ ಸೈತಾನನ ಸ್ವರ ಎಂದು ಕರೆಯುತ್ತಿದ್ದರಂತೆ. ನಮ್ಮಲ್ಲಿ ಅದು ಕಲ್ಯಾಣಿಯ ಜೀವ. ಸಂಜೆ ದೀಪ ಹಚ್ಚುವಾಗ ಹಾಡುವ ಸ್ವರ. ಆದರೆ ನಾವು ಗಾಂಧಾರದಿಂದ ಹತ್ತಿ ಹೋಗುತ್ತೇವೆ, ಪಂಚಮಕ್ಕೆ ಒರಗಿಕೊಳ್ಳುತ್ತೇವೆ. ಇವರು ಹಿಂದೆ ಮುಂದೆ ಯಾರನ್ನೂ ಇಡದೆ ಒಂಟಿಯಾಗಿ ನಿಲ್ಲಿಸಿದ್ದಾರೆ. ಕೇಳಿದೆ. ಹೆದರಿಕೆಯಾಯಿತು ಎಂದು ಹೇಳಲು ನಾಚಿಕೆಯೇನಿಲ್ಲ. ಅದೇ ಸ್ವರ, ಮನೆಯವರನ್ನೆಲ್ಲ ಕಳೆದುಕೊಂಡು ನಿಂತ ಹಾಗೆ. ಕೊನೆಗೆ ಅದನ್ನು ಸ್ವಲ್ಪ ಅಲುಗಿಸುತ್ತಾರೆ, ನಾವು ಗಮಕ ಎನ್ನುವುದು ಅದನ್ನೇ.

ನಿಮ್ಮ ತಂದೆಯವರು ಕೇಳಿದ ಪ್ರಶ್ನೆಯನ್ನು ನಾಳೆ ಮಕ್ಕಳಿಗೆ ಹೇಳುತ್ತೇನೆ.


ಜೋಗಿಮಟ್ಟಿ

ನಮ್ ಕಡೆ ಹಟ್ಟಿಗಳಲ್ಲಿ ಉರುಮೆ ಕೇಳಿದೋರು ಈ ಸಂಗೀತಕ್ಕೆ ಬೆಚ್ಚಲ್ಲ. ಉರುಮೆಯ ಒಂದು ಮುಖಾನ ಬಾಗಿದ ಕೋಲಿನಿಂದ ಬಡಿಯಲ್ಲ, ಉಜ್ಜುತಾರೆ. ಗುಂಯ್ ಅಂತ ಒಳಗಿನಿಂದ ಏಳ್ತೈತೆ, ಹೊಟ್ಟೆಗೆ ಬಂದು ತಾಕ್ತೈತೆ. ಜಾತ್ರೇಲಿ ಮೈಮೇಲೆ ದೇವ್ರು ಬರೋ ಹೊತ್ತಿಗೆ ಆ ಉಜ್ಜು ನಿಧಾನ ಆಗ್ತೈತೆ, ಜೋರಾಗಲ್ಲ. ಹತ್ತಿಗಿರಣಿ ಅಣ್ಣ ನಿಧಾನದ ಬಗ್ಗೆ ಬರ್ದಿದ್ದು ಓದಿ ನಮ್ಮ ಊರಿನ ಉರುಮೆ ತಾತ ಕಣ್ಣ ಮುಂದೆ ಬಂದ. ಅಷ್ಟೇ ಹೇಳ್ಬೇಕಿತ್ತು.


ರಿದಂ ಪ್ಯಾಡ್, ದಾವಣಗೆರೆ

ಗಣೇಶನ ಹಬ್ಬದ ಸೀಸನ್ನಿನಲ್ಲಿ ಆರ್ಕೆಸ್ಟ್ರಾಗಳಿಗೆ ರಿದಂ ಪ್ಯಾಡ್ ನುಡಿಸ್ತೀನಿ, ಇಪ್ಪತ್ತೆರಡು ವರ್ಷ ಆಯ್ತು. ನನ್ನ ದೇವರು ರಶ್ ತಂಡದ ಡ್ರಮ್ಮರ್ ನೀಲ್ ಪಿಯರ್ಟ್. ಯಾರೂ ಹೆಸರೆತ್ತಲಿಲ್ಲ ಅಂತ ಬರೀತಿದೀನಿ.

1974ರಲ್ಲಿ ತಂಡ ಸೇರಿದ್ದು. ಮೂರೇ ಜನ. ಗೆಡ್ಡಿ ಲೀ ಹಾಡ್ತಾ ಬೇಸ್ ನುಡಿಸ್ತಾ ಕಾಲಲ್ಲಿ ಪೆಡಲ್ ಒತ್ತಿ ಕೀಬೋರ್ಡಿನ ದನಿ ತರ್ತಾನೆ. 1976ರಲ್ಲಿ ರೆಕಾರ್ಡ್ ಕಂಪನಿ ಚಿಕ್ಕ ಹಾಡು ಮಾಡಿ ಅಂತ ಕೂತಿತ್ತು, ಇವರು ಇಪ್ಪತ್ತು ನಿಮಿಷದ '2112' ಕೊಟ್ಟರು, ಅದೇ ಗೆದ್ದಿತು. 1981ರ 'ವೈ ವೈ ಝೆಡ್' ಶುರುವಿನ ಪೆಟ್ಟುಗಳು ಟೊರಾಂಟೊ ವಿಮಾನ ನಿಲ್ದಾಣದ ಸಂಕೇತಾಕ್ಷರಗಳ ಮೋರ್ಸ್ ಕೋಡ್. ತಂತಿ ಇಲಾಖೆಯ ಕಟ್ಟು ಕಡ ಕಟ್ಟು, ಅದನ್ನೇ ಐದರ ಎಣಿಕೆಗೆ ಕೂರಿಸಿದಾರೆ.

ಆದ್ರೆ ನಾನು ಹೇಳಬೇಕಾದ್ದು ಇದಲ್ಲ. 1994ರ ಹೊತ್ತಿಗೆ ಪಿಯರ್ಟ್‌ಗೆ ನಲವತ್ತು ದಾಟಿತ್ತು. ಜಗತ್ತಿನ ಡ್ರಮ್ಮರುಗಳೆಲ್ಲ ಆತನ ಕೈ ನೋಡಿ ಕಲೀತಿದ್ರು. ಆಗ ಆತ ಫ್ರೆಡ್ಡಿ ಗ್ರೂಬರ್ ಅನ್ನೋ ಹಳೇ ಜಾಜ್ ಗುರುವಿನ ಹತ್ರ ಹೋಗಿ ಶಿಷ್ಯನಾಗಿ ಕೂತ. ಕಡ್ಡಿ ಹಿಡಿಯೋ ರೀತಿಯಿಂದ ಶುರು. ಅಷ್ಟು ವರ್ಷ ಹಿಡಿದ ಹಿಡಿತ ಬಿಟ್ಟು ಎಡಗೈಯಲ್ಲಿ ಜಾಜ್‌ನವರ ಹಳೇ ಹಿಡಿತ ಹಿಡಿದ. ಪೆಟ್ಟು ಬಿದ್ದ ಮೇಲೆ ಕಡ್ಡಿ ಎಲ್ಲಿಗೆ ಏಳುತ್ತೆ, ಎರಡು ಪೆಟ್ಟಿನ ನಡುವೆ ಕೈ ಗಾಳೀಲಿ ಹೆಂಗೆ ಹೋಗ್ಬೇಕು, ಇದನ್ನ ದಿನಾ ಸಾಧನೆ ಮಾಡಿದ.

ಇದನ್ನ ಓದಿದಾಗ ನನಗೆ ಮೂವತ್ತೆಂಟು. ನನ್ನ ಎಡಗೈ ಮೊದಲಿನಿಂದಲೂ ಸೋಮಾರಿ. ಹಬ್ಬದ ಸೀಸನ್ ಮುಗಿದ ಮಾರನೇ ದಿನದಿಂದ ಬೆಳಿಗ್ಗೆ ಐದೂವರೆಗೆ ಎದ್ದು, ಮನೆಯವರು ಎಚ್ಚರ ಆಗಬಾರದು ಅಂತ ದಿಂಬಿನ ಮೇಲೆ ಎಡಗೈ ಒಂದರಲ್ಲೇ ಬಾರಿಸೋಕೆ ಶುರು ಮಾಡಿದೆ. ದಿಂಬು ಕಡ್ಡೀನ ವಾಪಸ್ ಎಸೆಯಲ್ಲ, ನಾವೇ ಎತ್ತಬೇಕು. ಮೂರು ದಿಂಬಿನ ಬಟ್ಟೆ ಹರಿದವು. ಈಗ ಜತೆಯವರು ಕೇಳ್ತಾರೆ, ಹೊಸ ಪ್ಯಾಡ್ ತಗೊಂಡ್ಯಾ ಅಂತ. ಪ್ಯಾಡ್ ಹಳೇದೇ.

2020ರ ಜನವರಿ 7ಕ್ಕೆ ಪಿಯರ್ಟ್ ಹೋದ. ಸುದ್ದಿ ತಿಳಿದ ರಾತ್ರಿ ಕಡ್ಡಿ ಹಿಡೀಲಿಲ್ಲ. ಮಾರನೇ ದಿನ ಐದೂವರೆಗೆ ಎದ್ದೆ.


ಹತ್ತಿಗಿರಣಿ, ದಾವಣಗೆರೆ

ರಿದಂ ಪ್ಯಾಡ್ ಅವರೇ, ನೀವು ಯಾವ ಏರಿಯಾ? ಒಂದು ಸಂಜೆ ಮನೆಗೆ ಬನ್ನಿ, ಮೇಷ್ಟ್ರನ್ನೂ ಕರೀತೀನಿ. ಮಂಡಕ್ಕಿ ಮೆಣಸಿನಕಾಯಿ ನನ್ನ ಖರ್ಚು.


ಅಪ್ ಅಂಡ್ ಡೌನ್

ನಾನು ದಾವಣಗೆರೆಯಿಂದ ದುರ್ಗಕ್ಕೆ ದಿನಾ ಬಸ್ಸಲ್ಲಿ ಓಡಾಡ್ತೀನಿ, ಕೆಲಸ ಅಲ್ಲಿ. ಈ ಸಂಗೀತ ಒಂದೂ ಕೇಳಿಲ್ಲ. ಇಷ್ಟೆಲ್ಲ ಓದಿ ಆಸೆಯಾಗ್ತಿದೆ. ಎಲ್ಲಿಂದ ಶುರು ಮಾಡ್ಲಿ? ಒಂದು ಪಟ್ಟಿ ಕೊಡ್ತೀರಾ ಸರ್?


ಹತ್ತಿಗಿರಣಿ, ದಾವಣಗೆರೆ

ಪಟ್ಟಿ ಕೊಡಲ್ಲ, ಪಟ್ಟಿ ಕೊಟ್ಟರೆ ಓಡಿಸಿಕೊಂಡು ಕೇಳ್ತೀರಿ. ಮೊದಲ ವಾರ ಡೀಪ್ ಪರ್ಪಲ್‌ನ 'ಮಷೀನ್ ಹೆಡ್' ಒಂದೇ ಆಲ್ಬಮ್ ಇಟ್ಟುಕೊಳ್ಳಿ. 1971ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋ ಊರಿನಲ್ಲಿ ರೆಕಾರ್ಡ್ ಮಾಡಿದ್ದು. ಮಾಡಬೇಕಿದ್ದ ಕ್ಯಾಸಿನೋ ಹಿಂದಿನ ಕಾರ್ಯಕ್ರಮದಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು, ಕೊನೆಗೆ ಚಳಿಗಾಲಕ್ಕೆ ಮುಚ್ಚಿದ್ದ ಹೋಟೆಲಿನ ಕಾರಿಡಾರಿನಲ್ಲಿ ಕೂತು ನುಡಿಸಿದರು. ಎಲ್ಲರೂ ಗಿಟಾರ್ ಕೇಳ್ತಾರೆ. ನೀವು ಜಾನ್ ಲಾರ್ಡ್ ಕೇಳಿ. ಚರ್ಚು, ಜಾಜ್ ಕ್ಲಬ್ಬುಗಳಲ್ಲಿ ನುಡಿಸುವ ಹ್ಯಾಮಂಡ್ ಆರ್ಗನ್ನನ್ನು ಗಿಟಾರಿನವರ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿದ ಪುಣ್ಯಾತ್ಮ. ಗಿಟಾರು ಅಂದುಕೊಂಡು ಕೇಳುತ್ತಿರುತ್ತೀರಿ, ಅದು ಆರ್ಗನ್ ಆಗಿರುತ್ತೆ. ನನ್ನ ಅಪ್ಪನಿಗೆ ಈ ರಾಶಿಯಲ್ಲಿ ಹಿಡಿಸಿದವನು ಆತ ಒಬ್ಬನೇ. ಕೇಳುತ್ತಾ ಕೇಳುತ್ತಾ ಬಲಗೈ ತೊಡೆಯ ಮೇಲೆ ಹಾರ್ಮೋನಿಯಂ ಮನೆ ಒತ್ತುತ್ತಿತ್ತು.

ಎರಡನೇ ವಾರ ಪಿಂಕ್ ಫ್ಲಾಯ್ಡ್‌ನ 'ಮನಿ'. ಏಳು ಎಣಿಸಿ. ಭಾಮಿನಿ ಮೇಡಂ ಹೇಳಿದ ಹಾಗೆ ಮುರಿತ ಎಲ್ಲಿದೆ ಅಂತ ನಿಮ್ಮ ಕೈಯೇ ಹುಡುಕಲಿ.


ಅಪ್ ಅಂಡ್ ಡೌನ್

ಹದಿನೈದು ದಿನ ಆದಮೇಲೆ ಬರೀತಿದೀನಿ. ಜಾನ್ ಲಾರ್ಡ್ ಸಿಕ್ಕಿದರು. ಎರಡನೇ ದಿನವೇ ಸಿಕ್ಕಿದರು, ಬಸ್ಸಿನಲ್ಲೇ ಓಹ್ ಅಂದುಬಿಟ್ಟೆ.

'ಮನಿ' ಮಾತ್ರ ಕೈ ಕೊಡ್ತಿದೆ ಸರ್. ಶುರುವಿನ ಚಿಲ್ಲರೆ ಕಾಸಿನ ಸದ್ದಿನಿಂದಲೇ ತೊಡೆ ಮೇಲೆ ಬೆರಳು ಮಡಚುತ್ತಾ ಏಳು ಹಿಡೀತೀನಿ. ಹಾಡು ಸರಿ ಬರುತ್ತೆ, ಆ ಊದುವ ವಾದ್ಯದ ಭಾಗವೂ ಸರಿ ಬರುತ್ತೆ. ಗಿಟಾರ್ ಶುರುವಾಯ್ತು ಅಂದ್ರೆ ಲೆಕ್ಕ ತಪ್ಪುತ್ತೆ. ದಿನಾ ಅದೇ ಜಾಗದಲ್ಲಿ. ಇವತ್ತು ಆನಗೋಡಿನಿಂದ ಭರಮಸಾಗರದವರೆಗೆ ಮೂರು ಸಲ ಹಾಕಿದೆ, ಮೂರು ಸಲವೂ ತಪ್ಪಿತು. ನನಗೆ ಲಯಜ್ಞಾನ ಇಲ್ಲವೇನೋ ಅನಿಸ್ತಿದೆ.


ಹತ್ತಿಗಿರಣಿ, ದಾವಣಗೆರೆ

ಅಯ್ಯೋ, ನಿಮ್ಮ ಲಯಕ್ಕೆ ಏನೂ ಆಗಿಲ್ಲ. ಸ್ಯಾಕ್ಸೊಫೋನ್ ಏಳರಲ್ಲೇ ಊದ್ತಾರೆ. ಗಿಟಾರ್ ಶುರುವಾದ ಕೂಡಲೇ ಇಡೀ ತಂಡ ನಾಲ್ಕಕ್ಕೆ ಹೋಗುತ್ತೆ. ನಾನು ಬೇಕಂತಲೇ ಹೇಳಿರಲಿಲ್ಲ. ಮೂರು ಸಲವೂ ಸರಿಯಾಗಿ ಅದೇ ಜಾಗದಲ್ಲಿ ಸಿಕ್ಕಿಬಿದ್ದಿದೀರಿ, ನಾನು ಮೊದಲ ಸಲ ಗಮನಿಸೋಕೆ ಎರಡು ವರ್ಷ ಬೇಕಾಗಿತ್ತು.


ಭಾಮಿನಿ, ಚಿತ್ರದುರ್ಗ

ನನಗೂ ಅಲ್ಲಿ ಏನೋ ಬದಲಾಯಿತು ಎನಿಸಿತ್ತು, ಮಗನ ಮುಂದೆ ಹೇಳಲು ಹಿಂಜರಿದೆ.


ಅಪ್ ಅಂಡ್ ಡೌನ್

ನಾಲ್ಕಕ್ಕೆ ಹೋಗುತ್ತಾ! ಹಾಗಾದ್ರೆ ಏಳಕ್ಕೆ ಮತ್ತೆ ಎಲ್ಲಿ ವಾಪಸ್ ಬರುತ್ತೆ ಸರ್?


ಹತ್ತಿಗಿರಣಿ, ದಾವಣಗೆರೆ

ಅದನ್ನ ನೀವೇ ಹಿಡೀರಿ. ನಾಳೆ ಭರಮಸಾಗರದಿಂದ ದುರ್ಗದವರೆಗೆ ಟೈಮ್ ಇದೆಯಲ್ಲ.